ಫುಲ್, ಲೆಸ್, ಏಬಲ್: ಬಾಲ ಹಿಡ್ಕೊಂಡು ಇಂಗ್ಲಿಷ್ ಅಡ್ಜೆಕ್ಟಿವ್ ಕಲಿಯೋದು ಹೇಗೆ

ಇಂಗ್ಲಿಷ್ ಕಲೀಬೇಕು ಅಂತ ಹೊರಟವರು ನಮ್ಮ ಕೋಲಾರದ ಕಡೆ ಮೊದಲು ಮಾಡೋ ಕೆಲಸ ಅಂದ್ರೆ ಒಂದು ವೊಕ್ಯಾಬುಲರಿ ಪುಸ್ತಕ ತಗೊಂಡು ಎ ಇಂದ ಶುರು ಮಾಡಿ ಬಾಯಿಪಾಠ ಹೊಡೆಯೋದು. ಬಿ ಮುಗಿಯೋಷ್ಟರಲ್ಲಿ ಎ ಮರೆತುಹೋಗಿರುತ್ತೆ, ಸಿ ದಾಟಿದವರನ್ನ ನಾನಂತೂ ನೋಡಿಲ್ಲ. ಸಾಯಂಕಾಲ ಟ್ಯೂಷನ್‌ಗೆ ಬರೋ ಎಸ್ಸೆಸ್ಸೆಲ್ಸಿ ಮಕ್ಕಳಿಗೂ ಎಫ್‌ಡಿಎ, ಎಸ್‌ಡಿಎ ಬರೆಯೋ ಹುಡುಗ ಹುಡುಗೀರಿಗೂ ನಾನು ಹೇಳೋದು ಒಂದೇ ಮಾತು, ಪದದ ಲಿಸ್ಟ್ ಬಿಡಿ, ಪದದ ಬಾಲ ಹಿಡೀರಿ. ಪದದ ಕೊನೆಗೆ ಅಂಟ್ಕೊಳ್ಳೋ ತುಂಡಿಗೆ ವ್ಯಾಕರಣದಲ್ಲಿ ಪ್ರತ್ಯಯ ಅಂತಾರೆ, ನಾನು ಬಾಲ ಅಂತಲೇ ಕರೀತೀನಿ. ಒಂದು ಬಾಲ ಏನು ಮಾಡುತ್ತೆ ಅಂತ ಗೊತ್ತಾದ್ರೆ ಅದೇ ಬಾಲ ಇರೋ ನೂರಾರು ಪದ ಅರ್ಧಕ್ಕರ್ಧ ಗೊತ್ತಾದ ಹಾಗೆ. ಇನ್ನರ್ಧಕ್ಕೆ ಸ್ವಲ್ಪ ಎಚ್ಚರ ಬೇಕು, ಯಾಕಂದ್ರೆ ಕೆಲವು ಪದ ಬಾಲ ಒಂದು ತೋರಿಸಿ ಅರ್ಥ ಬೇರೆ ಕೊಡ್ತವೆ, ಪರೀಕ್ಷೇಲಿ ಮಾರ್ಕ್ಸ್ ಹೋಗೋದು ಅಲ್ಲೇ.

ನಮ್ಮ ಕಡೆಯವರಿಗೆ ಇದು ಕಷ್ಟ ಆಗಬಾರದು ನಿಜವಾಗಿ ನೋಡಿದ್ರೆ. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೇಲಿ ಎರಡೂ ಕಲಸಿಕೊಂಡು ಮಾತಾಡೋ ಜನ ನಾವು. ‘ದಿಕ್ಕುಲೇನಿ’ ಅಂತ ಅಜ್ಜಿ ಬೈದ್ರೂ ಅರ್ಥ ಆಗುತ್ತೆ, ‘ದಿಕ್ಕಿಲ್ಲದ’ ಅಂತ ಮೇಷ್ಟ್ರು ಬರೆಸಿದ್ರೂ ಅರ್ಥ ಆಗುತ್ತೆ. ಈ ‘ಲೇನಿ’, ‘ಇಲ್ಲದ’ ಮಾಡೋ ಕೆಲಸಾನೇ ಇಂಗ್ಲಿಷ್‌ನಲ್ಲಿ ‘ಲೆಸ್’ ಮಾಡೋದು, ಅಷ್ಟೇ.

ಸ್ಟೆಪ್ 1: ಒಂದು ಬಾಲಕ್ಕೆ ಒಂದು ಪುಟ

ಇನ್ನೂರು ಪೇಜಿನ ಒಂದು ನೋಟ್‌ಬುಕ್ ತಗೊಳ್ಳಿ. ಮೊದಲ ಪುಟದ ಮೇಲೆ ‘ಲೆಸ್’, ಎರಡನೇದರ ಮೇಲೆ ‘ಫುಲ್’, ಮೂರನೇದರ ಮೇಲೆ ‘ಏಬಲ್’ ಅಂತ ಬರೀರಿ. ‘ಇಬಲ್’, ‘ಅಸ್’, ‘ಇಷ್’ ಆಮೇಲೆ ಬರಲಿ, ಮೊದಲ ದಿನವೇ ಹತ್ತು ಬಾಲ ಹಿಡ್ಕೊಳ್ಳೋಕೆ ಹೋದ್ರೆ ಯಾವುದೂ ಕೈಗೆ ಸಿಗಲ್ಲ.

ಪದ ಹುಡುಕೋಕೆ ಡಿಕ್ಷನರಿ ತೆಗೀಬೇಡಿ, ಮನೆ ಸುತ್ತ ನೋಡಿ. ಅಡುಗೆಮನೆ ಪಾತ್ರೆ ತಳದಲ್ಲಿ ‘ಸ್ಟೇನ್‌ಲೆಸ್ ಸ್ಟೀಲ್’ ಅಂತ ಒತ್ತಿರುತ್ತೆ. ಎಣ್ಣೆ ಪ್ಯಾಕೆಟ್ ಮೇಲೆ ‘ಎಡಿಬಲ್’ ಇರುತ್ತೆ. ಇಂಜೆಕ್ಷನ್ ಸಿರಿಂಜ್ ಕವರ್ ಮೇಲೆ ‘ಡಿಸ್ಪೋಸಬಲ್’, ಕರೆಂಟ್ ಹೋದಾಗ ಹಾಕೋ ಟಾರ್ಚ್ ಡಬ್ಬದ ಮೇಲೆ ‘ರೀಚಾರ್ಜಬಲ್’, ಪರೀಕ್ಷೆ ಅರ್ಜಿ ಫೀಸ್ ಹತ್ರ ‘ನಾನ್-ರಿಫಂಡಬಲ್’, ಆಸ್ಪತ್ರೆ ಇನ್ಶೂರೆನ್ಸ್ ಕಾರ್ಡಲ್ಲಿ ‘ಕ್ಯಾಷ್‌ಲೆಸ್’, ಕಿವಿಗೆ ಹಾಕೋ ಇಯರ್‌ಫೋನ್ ಡಬ್ಬದ ಮೇಲೆ ‘ವೈರ್‌ಲೆಸ್’. ಪದ ಬರೆದು ಅದರ ಪಕ್ಕ ಅದು ಎಲ್ಲಿ ಸಿಕ್ತು ಅನ್ನೋದನ್ನೂ ಬರೀರಿ. ‘ಎಡಿಬಲ್ – ಎಣ್ಣೆ ಪ್ಯಾಕೆಟ್’ ಅಂತಿದ್ರೆ ಮುಂದಿನ ತಿಂಗಳು ಮರೆತ್ರೂ ಎಣ್ಣೆ ಪ್ಯಾಕೆಟ್ ನೆನಪಾಗಿ ಅರ್ಥ ತಾನಾಗೇ ಬರುತ್ತೆ.

ಸ್ಟೆಪ್ 2: ಬಾಲದ ಮೇಲೆ ಹೆಬ್ಬೆಟ್ಟು ಇಡಿ

ಪದ ಬರೆದ ಮೇಲೆ ಅದರ ಬಾಲವನ್ನ ಹೆಬ್ಬೆಟ್ಟಲ್ಲಿ ಮುಚ್ಚಿ, ಉಳಿದ ತಲೆ ಒಂಟಿಯಾಗಿ ಬದುಕುತ್ತಾ ನೋಡಿ. ‘ಹೋಮ್‌ಲೆಸ್’ನಲ್ಲಿ ‘ಹೋಮ್’ ಉಳೀತು, ಅದೊಂದು ಪದ. ‘ವಾಷಬಲ್’ನಲ್ಲಿ ‘ವಾಷ್’ ಉಳೀತು, ಅದೂ ಪದ. ‘ವಿಸಿಬಲ್’ನಲ್ಲಿ ‘ವಿಸ್’ ಉಳೀತು, ಅಂಥ ಪದ ಇಲ್ಲ. ಈ ವ್ಯತ್ಯಾಸ ನೆನಪಲ್ಲಿರಲಿ, ಸ್ಟೆಪ್ 6ರಲ್ಲಿ ಕೆಲಸಕ್ಕೆ ಬರುತ್ತೆ.

ಆಮೇಲೆ ಉಳಿದ ತಲೆ ಹೆಸರಾ ಕೆಲಸಾನಾ ನೋಡಿ. ‘ಲೆಸ್’ ಮತ್ತು ‘ಫುಲ್’ ಹೆಚ್ಚಾಗಿ ನೌನ್‌ಗೆ ಅಂಟುತ್ತವೆ: ಹೋಮ್, ಜಾಬ್, ಪೇನ್, ಹೋಪ್. ‘ಏಬಲ್’ ಹೆಚ್ಚಾಗಿ ವರ್ಬ್‌ಗೆ ಅಂಟುತ್ತೆ: ವಾಷ್, ಯೂಸ್, ಪೇ, ಬಿಲೀವ್. ಹೆಚ್ಚಾಗಿ ಅಂದೆ, ಯಾವಾಗ್ಲೂ ಅಂದಿಲ್ಲ. ‘ಫರ್ಗೆಟ್‌ಫುಲ್’ (ಮರೆಗುಳಿ), ‘ಟೈರ್‌ಲೆಸ್’ (ದಣಿವರಿಯದ) ಇಂಥವು ವರ್ಬಿಂದ ಬಂದವು, ಇರಲಿ ಬಿಡಿ.

ಸ್ಟೆಪ್ 3: ‘ಲೆಸ್’ ಅಂದ್ರೆ ಕಡಿಮೆ ಅಲ್ಲ, ಇಲ್ಲವೇ ಇಲ್ಲ

ಇದು ಎಲ್ಲರೂ ಏಮಾರೋ ಜಾಗ. ‘ಲೆಸ್’ ಅಂದ್ರೆ ‘ಕಡಿಮೆ’ ಅಂತ ಮೂರನೇ ಕ್ಲಾಸಲ್ಲಿ ಗಣಿತದ ಪುಸ್ತಕದಲ್ಲಿ ಕಲ್ತಿರ್ತೀವಿ, ಹಾಗಾಗಿ ‘ಜಾಬ್‌ಲೆಸ್’ ಅಂದ್ರೆ ‘ಕೆಲಸ ಕಡಿಮೆ ಇರೋನು’ ಅಂತ ಬರೆದುಬಿಡ್ತಾರೆ. ಅಲ್ಲ, ಕೆಲಸಾನೇ ಇಲ್ಲದವನು. ಒಂಟಿಯಾಗಿ ಓಡಾಡೋ ‘ಲೆಸ್’ ಬೇರೆ, ಬಾಲವಾಗಿ ಬರೋ ‘ಲೆಸ್’ ಬೇರೆ. ಬಾಲ ಬಂದಿರೋದು ಹಳೇ ಇಂಗ್ಲಿಷಿನ ‘ಲೇಆಸ್’ ಅನ್ನೋ ಇನ್ನೊಂದು ಪದದಿಂದ, ಅದರ ಅರ್ಥ ‘ಅದರಿಂದ ಮುಕ್ತವಾದ, ಅದು ಇಲ್ಲದ’ ಅಂತ. ಇವತ್ತು ಸ್ಪೆಲಿಂಗ್ ಒಂದೇ ಆಗಿಬಿಟ್ಟಿದೆ, ಹುಟ್ಟು ಮಾತ್ರ ಬೇರೆ ಬೇರೆ.

ಇದನ್ನ ಹೇಳಿಕೊಡೋಕೆ ನನಗೆ ಗ್ರಾಮರ್ ಪುಸ್ತಕಕ್ಕಿಂತ ಹೋಟೆಲ್ ಕೌಂಟರೇ ಹೆಚ್ಚು ಉಪಯೋಗಕ್ಕೆ ಬಂದಿದೆ. ‘ಎರಡು ಕಾಫಿ, ಒಂದು ಶುಗರ್‌ಲೆಸ್’ ಅಂತ ಕೂಗಿದ್ರೆ ಕಾಫಿ ಹಾಕೋನು ಸಕ್ಕರೆ ಮುಟ್ಟೋದೇ ಇಲ್ಲ. ‘ಒಂದಕ್ಕೆ ಲೆಸ್ ಶುಗರ್’ ಅಂದ್ರೆ ಅರ್ಧ ಚಮಚ ಹಾಕ್ತಾನೆ. ಮುಂದೆ ಬಂದ್ರೆ ಕಡಿಮೆ, ಹಿಂದೆ ಅಂಟಿದ್ರೆ ಇಲ್ಲ. ಆ ಕಾಫಿ ಹಾಕೋನು ಗ್ರಾಮರ್ ಕ್ಲಾಸಿಗೆ ಹೋಗಿಲ್ಲ, ಆದ್ರೂ ಈ ರೂಲ್ ಅವನಿಗೆ ಪಕ್ಕಾ ಗೊತ್ತು.

ಈಗ ಸುಲಭವಾದವು ನೋಡಿ. ‘ಸೀಡ್‌ಲೆಸ್’ ಅಂದ್ರೆ ಬೀಜ ಇಲ್ಲದ, ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದವರಿಗೆ ಇದು ಯಾರೂ ಹೇಳಿಕೊಡಬೇಕಾಗಿಲ್ಲ, ಬೆಂಗಳೂರು ಬ್ಲೂ ಬೀಜದ ದ್ರಾಕ್ಷಿ, ಥಾಮ್ಸನ್ ಸೀಡ್‌ಲೆಸ್ ಬೀಜ ಇಲ್ಲದ್ದು. ‘ಸ್ಟೇನ್‌ಲೆಸ್’ ಅಂದ್ರೆ ಕಲೆ ಹಿಡಿಯದ. ಉಕ್ಕಿಗೆ ಕಡೇಪಕ್ಷ ನೂರಕ್ಕೆ 10.5 ಭಾಗದಷ್ಟು ಕ್ರೋಮಿಯಂ ಸೇರಿಸಿದ್ರೆ ಮೇಲೊಂದು ತೆಳು ಪದರ ಕೂತ್ಕೊಂಡು ತುಕ್ಕು ತಡೆಯುತ್ತೆ, ಅದಕ್ಕೇ ಆ ಹೆಸರು. ‘ಎಂಡ್‌ಲೆಸ್’ ಕೊನೆ ಇಲ್ಲದ, ‘ಕೌಂಟ್‌ಲೆಸ್’ ಲೆಕ್ಕ ಇಲ್ಲದಷ್ಟು, ‘ಸ್ಪೀಚ್‌ಲೆಸ್’ ಮಾತೇ ಹೊರಡದ, ‘ಬ್ರೆತ್‌ಲೆಸ್’ ಏದುಸಿರು ಬಿಡೋ.

ಇನ್ನು ಕಳ್ಳ ಪದ. ‘ಪ್ರೈಸ್‌ಲೆಸ್’. ಬೆಲೆ ಇಲ್ಲದ ಅಂದ್ಕೊಂಡು ‘ಬಿಟ್ಟಿ’ ಅಂತಲೋ ‘ಕೆಲಸಕ್ಕೆ ಬಾರದ್ದು’ ಅಂತಲೋ ಬರೀತಾರೆ. ಅದರ ಅರ್ಥ ಬೆಲೆ ಕಟ್ಟಲಾಗದಷ್ಟು ಅಮೂಲ್ಯ ಅಂತ. ಬಿಡಿಗಾಸಿಗೂ ಬಾಳದ್ದಕ್ಕೆ ‘ವರ್ತ್‌ಲೆಸ್’ ಅನ್ನಬೇಕು. ಇವೆರಡನ್ನೂ ಪಕ್ಕಪಕ್ಕ ಕೊಟ್ಟು ವಿರುದ್ಧಪದ ಕೇಳಿದ್ರೆ ಚೆನ್ನಾಗಿ ಓದೋ ಮಕ್ಕಳೂ ತಡವರಿಸ್ತಾರೆ. ಇನ್ನೊಂದು ‘ರೂತ್‌ಲೆಸ್’, ಅಂದ್ರೆ ಕರುಣೆ ಇಲ್ಲದ. ಹೆಬ್ಬೆಟ್ಟು ಇಟ್ರೆ ಉಳಿಯೋ ‘ರೂತ್’ ಒಂದು ಕಾಲದಲ್ಲಿ ‘ಕರುಣೆ’ ಅನ್ನೋ ಅರ್ಥದ ಪದ, ಈಗ ಬಳಕೆಯಿಂದ ಹೊರಟೇಹೋಗಿದೆ, ಬಾಲ ಮಾತ್ರ ಉಳ್ಕೊಂಡಿದೆ. ‘ರೆಕ್‌ಲೆಸ್’ (ಹಿಂದೆ ಮುಂದೆ ನೋಡದೆ ನುಗ್ಗೋ) ಕೂಡ ಅದೇ ಕತೆ. ಹಾಗಾಗಿ ಈ ಎರಡನ್ನ ಇಡಿಯಾಗೇ ನೆನಪಿಟ್ಕೊಳ್ಳಿ.

ಸ್ಟೆಪ್ 4: ‘ಫುಲ್’ ಕಲೀರಿ, ಆದ್ರೆ ಜೋಡಿ ಕಟ್ಟೋಕೆ ಅವಸರ ಬೇಡ

‘ಫುಲ್’ ಬಾಲ ‘ತುಂಬಿದ’ ಅನ್ನೋ ಪದದಿಂದಲೇ ಬಂದಿದ್ದು, ಅರ್ಥವೂ ಹೆಚ್ಚುಕಮ್ಮಿ ಅದೇ. ಪೇನ್‌ಫುಲ್ ನೋವು ಕೊಡೋ, ಪವರ್‌ಫುಲ್ ಶಕ್ತಿಶಾಲಿ, ಪೀಸ್‌ಫುಲ್ ನೆಮ್ಮದಿಯ, ಮೀನಿಂಗ್‌ಫುಲ್ ಅರ್ಥಪೂರ್ಣ. ಕನ್ನಡದಲ್ಲಿ ‘ಪೂರ್ಣ’, ‘ಶಾಲಿ’, ‘ಕರ’ ಅಂತ ಬೇರೆ ಬೇರೆ ಬಾಲ ಹಾಕೋ ಕಡೆಯೆಲ್ಲ ಇಂಗ್ಲಿಷ್ ಒಂದೇ ‘ಫುಲ್’ ಹಾಕಿ ಮುಗಿಸುತ್ತೆ.

ಸ್ಪೆಲಿಂಗ್‌ನಲ್ಲಿ ಒಂದೇ ಒಂದು ವಿಷಯ ಇಲ್ಲೇ ಹೇಳಿಬಿಡ್ತೀನಿ. ಒಂಟಿ ಪದ ‘ಫುಲ್’ಗೆ ಎರಡು ಎಲ್, ಬಾಲ ‘ಫುಲ್’ಗೆ ಒಂದೇ ಎಲ್. ಆ ಬಾಲಕ್ಕೆ ಮತ್ತೆ ‘ಲಿ’ ಸೇರಿ ‘ಕೇರ್‌ಫುಲಿ’ ಆದಾಗ ಮಾತ್ರ ಎರಡು ಎಲ್ ವಾಪಸ್ ಬರುತ್ತೆ. ರೋಡ್ ಪಕ್ಕದ ಎಷ್ಟೋ ಬೋರ್ಡುಗಳಲ್ಲಿ ಇದು ಉಲ್ಟಾ ಇರುತ್ತೆ, ಬೋರ್ಡ್ ನೋಡಿ ಸ್ಪೆಲಿಂಗ್ ಕಲೀಬೇಡಿ.

ಈಗ ಜೋಡಿ ವಿಷಯ. ಫುಲ್ ತೆಗೆದು ಲೆಸ್ ಹಾಕಿದ್ರೆ ವಿರುದ್ಧಪದ ರೆಡಿ ಅಂತ ಗೈಡುಗಳಲ್ಲಿ ಬರೆದಿರ್ತಾರೆ. ಕೇರ್‌ಫುಲ್–ಕೇರ್‌ಲೆಸ್, ಯೂಸ್‌ಫುಲ್–ಯೂಸ್‌ಲೆಸ್, ಹಾರ್ಮ್‌ಫುಲ್–ಹಾರ್ಮ್‌ಲೆಸ್, ಪೇನ್‌ಫುಲ್–ಪೇನ್‌ಲೆಸ್, ಇವಕ್ಕೆಲ್ಲ ಸರಿ. ಆದ್ರೆ ಇದನ್ನೇ ಕಣ್ಣು ಮುಚ್ಕೊಂಡು ಎಲ್ಲಾ ಕಡೆ ಹಾಕಿದ್ರೆ ಎಡವಟ್ಟು. ನಾನು ಇವನ್ನ ಮೂರು ಗುಂಪು ಮಾಡಿಸ್ತೀನಿ.

ಒಂದು, ಸರಿಯಾಗಿ ಎದುರುಬದುರು ನಿಲ್ಲೋವು, ಮೇಲೆ ಹೇಳಿದವು.

ಎರಡು, ಜೋಡಿಯೇ ಇಲ್ಲದವು. ‘ಹೋಮ್‌ಲೆಸ್’ ಇದೆ, ‘ಹೋಮ್‌ಫುಲ್’ ಇಲ್ಲ. ‘ಬ್ಯೂಟಿಫುಲ್’ ಇದೆ, ‘ಬ್ಯೂಟಿಲೆಸ್’ ಅಂತ ಯಾರೂ ಅನ್ನಲ್ಲ. ‘ಸಕ್ಸೆಸ್‌ಫುಲ್’ಗೆ ವಿರುದ್ಧ ‘ಅನ್‌ಸಕ್ಸೆಸ್‌ಫುಲ್’, ‘ಗ್ರೇಟ್‌ಫುಲ್’ಗೆ ‘ಅನ್‌ಗ್ರೇಟ್‌ಫುಲ್’. ಅಂದಹಾಗೆ ಈ ಗ್ರೇಟ್‌ಫುಲ್‌ನಲ್ಲಿರೋ ಗ್ರೇಟ್ ‘ದೊಡ್ಡ’ ಅನ್ನೋ ಗ್ರೇಟ್ ಅಲ್ಲ, ಸ್ಪೆಲಿಂಗೇ ಬೇರೆ, ಜಿ-ಆರ್-ಎ-ಟಿ-ಇ. ಲ್ಯಾಟಿನ್‌ನ ‘ಗ್ರಾಟುಸ್’ ಇಂದ ಬಂದಿದ್ದು, ‘ಗ್ರಾಟಿಟ್ಯೂಡ್’ ಅನ್ನೋ ಪದದ ನೆಂಟ.

ಮೂರನೇ ಗುಂಪೇ ಮಜಾ ಇರೋದು, ಜೋಡಿ ಇದ್ರೂ ಎದುರುಬದುರು ನಿಲ್ಲದವು. ‘ಹೆಲ್ಪ್‌ಫುಲ್’ ಅಂದ್ರೆ ಸಹಾಯ ಮಾಡೋನು. ‘ಹೆಲ್ಪ್‌ಲೆಸ್’ ಅಂದ್ರೆ ಸಹಾಯ ಮಾಡದವನು ಅಲ್ಲ, ಏನೂ ಮಾಡೋಕಾಗದೆ ಕೂತವನು, ಅಸಹಾಯಕ. ಸಹಾಯ ಮಾಡದವನು ‘ಅನ್‌ಹೆಲ್ಪ್‌ಫುಲ್’. ಆಫೀಸಲ್ಲಿ ಫೈಲ್ ಮುಂದಕ್ಕೆ ಕಳಿಸದ ಗುಮಾಸ್ತನನ್ನ ‘ಹೆಲ್ಪ್‌ಲೆಸ್’ ಅಂತ ಬರೆದು ದೂರು ಕೊಟ್ರೆ ಓದಿದವರು ಅವನ ಮೇಲೆ ಅಯ್ಯೋ ಪಾಪ ಅಂತಾರೆ. ‘ಶೇಮ್‌ಫುಲ್’ ಅನ್ನೋದು ನಾಚಿಕೆಗೇಡಿನ ಕೆಲಸಕ್ಕೆ, ‘ಶೇಮ್‌ಲೆಸ್’ ಅನ್ನೋದು ಆ ಕೆಲಸ ಮಾಡಿಯೂ ನಾಚಿಕೆ ಇಲ್ಲದೆ ಓಡಾಡೋನಿಗೆ. ಹಂಗಾಗಿ ಶೇಮ್‌ಫುಲ್ ಕೆಲಸವನ್ನ ಮಾಡೋದೇ ಶೇಮ್‌ಲೆಸ್ ಮನುಷ್ಯ, ಎರಡೂ ಒಂದೇ ಕಡೆ ನಿಂತಿರ್ತವೆ. ‘ಟೇಸ್ಟ್‌ಲೆಸ್’ ಸಾರಿಗೂ ಹೇಳ್ತಾರೆ, ಸಪ್ಪೆ ಅಂತ, ಕೆಟ್ಟ ಜೋಕಿಗೂ ಹೇಳ್ತಾರೆ. ಆದ್ರೆ ಮುದ್ದೆ ಉಪ್ಸಾರು ಚೆನ್ನಾಗಿದ್ರೆ ‘ಟೇಸ್ಟ್‌ಫುಲ್’ ಅನ್ನೋ ಹಾಗಿಲ್ಲ, ‘ಟೇಸ್ಟಿ’ ಅನ್ನಬೇಕು. ಟೇಸ್ಟ್‌ಫುಲ್ ಅನ್ನೋದು ಮನೆ ಅಲಂಕಾರ, ಬಟ್ಟೆ ಆಯ್ಕೆ ಇಂಥದ್ದಕ್ಕೆ, ಅಭಿರುಚಿ ಇರೋ ಅಂತ. ‘ಪಿಟಿಫುಲ್’ ಅಂದ್ರೆ ನೋಡಿದವರಿಗೆ ಅಯ್ಯೋ ಅನ್ನಿಸೋ ಸ್ಥಿತಿ, ‘ಪಿಟಿಲೆಸ್’ ಅಂದ್ರೆ ಅಯ್ಯೋ ಅನ್ನದ ಮನುಷ್ಯ.

ಹಾಗಾಗಿ ಜೋಡಿ ಸಿಕ್ಕಾಗೆಲ್ಲ ಒಂದು ಪ್ರಶ್ನೆ ಹಾಕ್ಕೊಳ್ಳಿ: ಇದು ಯಾರ ಬಗ್ಗೆ ಹೇಳ್ತಿರೋದು, ಮಾಡಿದವನ ಬಗ್ಗೆಯಾ, ಮಾಡಿದ ಕೆಲಸದ ಬಗ್ಗೆಯಾ, ನೋಡೋನ ಬಗ್ಗೆಯಾ? ಇದಕ್ಕೆ ಉತ್ತರ ಎರಡೂ ಪದಕ್ಕೆ ಒಂದೇ ಆಗಿದ್ರೆ ಅವು ಸಾಮಾನ್ಯವಾಗಿ ನಿಜವಾದ ವಿರುದ್ಧಪದ.

ಇನ್ನೊಂದು ಚಿಕ್ಕ ವಿಷಯ, ‘ಸ್ಪೂನ್‌ಫುಲ್’, ‘ಹ್ಯಾಂಡ್‌ಫುಲ್’ ನೋಡಿ ಅಡ್ಜೆಕ್ಟಿವ್ ಅಂದ್ಕೋಬೇಡಿ. ಒಂದು ಚಮಚದಷ್ಟು, ಒಂದು ಹಿಡಿಯಷ್ಟು ಅನ್ನೋ ಅಳತೆ ಅವು, ನೌನ್.

ಸ್ಟೆಪ್ 5: ‘ಏಬಲ್’, ಎಲ್ಲಕ್ಕಿಂತ ದುಡಿಯೋ ಬಾಲ

ಇದೊಂದನ್ನ ಕಲಿತ್ರೆ ಪೇಪರ್, ಫಾರಂ, ಬಾಕ್ಸ್ ಮೇಲಿನ ಬರಹ ಎಲ್ಲ ಅರ್ಧ ಬಿಡಿಸಿದ ಹಾಗೆ. ಮೂಲ ಅರ್ಥ ‘ಮಾಡಬಹುದಾದ’, ಇನ್ನೂ ಸರಿಯಾಗಿ ಹೇಳಬೇಕಂದ್ರೆ ‘ಮಾಡಿಸ್ಕೊಳ್ಳಬಹುದಾದ’. ವಾಷಬಲ್ ಪೇಂಟ್ ಅಂದ್ರೆ ತೊಳೆಯೋ ಪೇಂಟ್ ಅಲ್ಲ, ತೊಳೆಯಬಹುದಾದ ಪೇಂಟ್. ರೀಚಾರ್ಜಬಲ್ ಬ್ಯಾಟರಿ ತಾನೇ ಯಾರನ್ನೂ ಚಾರ್ಜ್ ಮಾಡಲ್ಲ, ಅದನ್ನ ನಾವು ಮತ್ತೆ ಚಾರ್ಜ್ ಮಾಡಬಹುದು. ಪೇಯಬಲ್ ಕಟ್ಟಬೇಕಾದ, ಟ್ಯಾಕ್ಸಬಲ್ ತೆರಿಗೆ ಬೀಳೋ, ರಿನ್ಯೂಯಬಲ್ ಮತ್ತೆ ಮತ್ತೆ ಸಿಗೋ. ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಬಗ್ಗೆ ಪೇಪರಲ್ಲಿ ಬರೋ ‘ರಿನ್ಯೂಯಬಲ್ ಎನರ್ಜಿ’ ಇದೇ, ಬಿಸಿಲು ಇವತ್ತು ಬಳಸಿದ್ರೆ ನಾಳೆ ಮತ್ತೆ ಬರುತ್ತೆ, ಕಲ್ಲಿದ್ದಲು ಸುಟ್ರೆ ಮುಗೀತು.

ಆದ್ರೆ ಈ ಅರ್ಥ ಎಲ್ಲಾ ಏಬಲ್‌ಗೂ ಕೂರಲ್ಲ. ಎರಡನೇ ಜಾತಿ ಇದೆ, ‘ಅದು ಕೊಡೋ’ ಅಥವಾ ‘ಅದು ಇರೋ’ ಅನ್ನೋ ಅರ್ಥದ್ದು. ‘ಕಂಫರ್ಟಬಲ್’ ಆರಾಮ ಕೊಡೋ, ‘ವ್ಯಾಲ್ಯುಬಲ್’ ಬೆಲೆ ಇರೋ, ‘ನಾಲೆಜಬಲ್’ ತಿಳುವಳಿಕೆ ಇರೋ, ‘ಫ್ಯಾಷನಬಲ್’ ಫ್ಯಾಷನ್ನಿಗೆ ತಕ್ಕ, ‘ಪ್ರಾಫಿಟಬಲ್’ ಲಾಭ ಕೊಡೋ. ಕೆಜಿಎಫ್ ಉದಾಹರಣೆ ತಗೊಳ್ಳಿ. ಚಿನ್ನ ಯಾವತ್ತಿದ್ರೂ ವ್ಯಾಲ್ಯುಬಲ್ಲೇ, ಆದ್ರೆ 3 ಕಿಲೋಮೀಟರ್‌ಗೂ ಆಳಕ್ಕೆ ಇಳಿದು ತೆಗೆಯೋ ಖರ್ಚಿನ ಮುಂದೆ ಗಣಿ ಪ್ರಾಫಿಟಬಲ್ ಆಗಿ ಉಳೀಲಿಲ್ಲ, 2001ರಲ್ಲಿ ಮುಚ್ಚಿದ್ರು. ಎರಡು ಏಬಲ್ ಪದಗಳ ವ್ಯತ್ಯಾಸ ಇಷ್ಟು ಚೆನ್ನಾಗಿ ತೋರಿಸೋ ಊರು ಇನ್ನೊಂದು ಸಿಗಲಿಕ್ಕಿಲ್ಲ.

ಮೂರನೇ ಜಾತಿ, ‘ತಾನಾಗೇ ಆಗಿಬಿಡೋ’. ‘ಪೆರಿಷಬಲ್’ ಅಂದ್ರೆ ಬೇಗ ಕೆಟ್ಟುಹೋಗೋ, ಯಾರೂ ಕೆಡಿಸಬೇಕಾಗಿಲ್ಲ. ಕೋಲಾರ ಎಪಿಎಂಸಿ ಟೊಮೆಟೊ ಮಂಡಿಗೆ ಬೆಳಗಿನ ಜಾವ ಹೋಗಿ ನಿಂತ್ಕೊಂಡ್ರೆ ಈ ಪದದ ಅರ್ಥ ಯಾರೂ ಹೇಳೋದು ಬೇಡ. ಹರಾಜು ಮುಗೀತಿದ್ದಂಗೆ ಲಾರಿಗೆ ಬಾಕ್ಸ್ ಏರಿಸೋ ಆ ಅವಸರ ಯಾಕಂದ್ರೆ ಮಾಲು ಪೆರಿಷಬಲ್, ಮಳೆ ಬಂದು ಲಾರಿ ತಡ ಆದ್ರೆ ದೂರದ ಊರು ಸೇರೋಷ್ಟರಲ್ಲಿ ತಳದ ಬಾಕ್ಸ್ ಸೋರೋಕೆ ಶುರು. ‘ಚೇಂಜಬಲ್ ವೆದರ್’ ಕೂಡ ಇದೇ ಜಾತಿ, ಗಳಿಗೆಗೊಂದು ಥರ ಬದಲಾಗೋ ಹವಾ.

ನೋಟ್‌ಬುಕ್ಕಲ್ಲಿ ಏಬಲ್ ಪುಟವನ್ನ ಮೂರು ಕಾಲಂ ಮಾಡಿ: ‘ಮಾಡಬಹುದಾದ’, ‘ಕೊಡೋ–ಇರೋ’, ‘ತಾನಾಗೇ ಆಗೋ’. ಹೊಸ ಪದ ಸಿಕ್ಕಾಗ ಯಾವ ಕಾಲಂ ಅಂತ ಯೋಚಿಸೋದರಲ್ಲೇ ಅದು ತಲೇಲಿ ಕೂತ್ಕೊಂಡುಬಿಡುತ್ತೆ.

ಸ್ಟೆಪ್ 6: ‘ಏಬಲ್’ಗೂ ‘ಇಬಲ್’ಗೂ ಗೆರೆ ಹಾಕಿ

ಕೇಳೋಕೆ ಒಂದೇ ಥರ, ಬರೆಯೋವಾಗ ಎ ಹಾಕ್ಬೇಕಾ ಐ ಹಾಕ್ಬೇಕಾ ಅನ್ನೋ ಗೊಂದಲ. ಇಲ್ಲಿ ಹೆಬ್ಬೆಟ್ಟಿನ ಪರೀಕ್ಷೆ ಕೆಲಸಕ್ಕೆ ಬರುತ್ತೆ. ಬಾಲ ಮುಚ್ಚಿದಾಗ ಪೂರ್ತಿ ಪದ ಉಳಿದ್ರೆ ಹೆಚ್ಚಿನ ಸಲ ಎ: ವಾಷಬಲ್, ಪೇಯಬಲ್, ಎಂಜಾಯಬಲ್. ಮುರುಕು ತುಂಡು ಉಳಿದ್ರೆ ಹೆಚ್ಚಿನ ಸಲ ಐ: ವಿಸಿಬಲ್, ಪಾಸಿಬಲ್, ಆಡಿಬಲ್, ಎಡಿಬಲ್, ಟೆರಿಬಲ್, ಹಾರಿಬಲ್. ಆ ಮುರುಕು ತುಂಡುಗಳು ಲ್ಯಾಟಿನ್‌ನಿಂದ ಬಂದವು, ಬೇರೆ ಪದಗಳಲ್ಲೂ ಸಿಗ್ತವೆ. ಆಡಿಬಲ್‌ನ ‘ಆಡ್’ ಆಡಿಯೋದಲ್ಲಿದೆ, ವಿಸಿಬಲ್‌ನ ‘ವಿಸ್’ ವಿಷನ್‌ನಲ್ಲಿದೆ. ಆಡಿಬಲ್ ಕೇಳಿಸೋ, ವಿಸಿಬಲ್ ಕಾಣಿಸೋ.

ರೂಲ್ ಮುರಿಯೋವು ಇದ್ದೇ ಇವೆ. ಫ್ಲೆಕ್ಸಿಬಲ್, ಸೆನ್ಸಿಬಲ್, ಆಕ್ಸೆಸಿಬಲ್ ಮೂರರಲ್ಲೂ ಪೂರ್ತಿ ಪದ ಉಳಿದ್ರೂ ಐ. ಕೇಪಬಲ್, ಪ್ರಾಬಬಲ್‌ನಲ್ಲಿ ಮುರುಕು ಉಳಿದ್ರೂ ಎ. ಇಂಥವು ಹತ್ತಿಪ್ಪತ್ತು ಬರೆದಿಟ್ಕೊಂಡ್ರೆ ಸಾಕು. ಹೊಸದಾಗಿ ಹುಟ್ಟೋ ಪದಗಳಿಗೆ ಈ ತಲೆನೋವಿಲ್ಲ, ಕ್ಲಿಕಬಲ್, ಸ್ಕ್ಯಾನಬಲ್, ಡೌನ್‌ಲೋಡಬಲ್ ಎಲ್ಲದಕ್ಕೂ ಎ, ಐ ಬಾಲಕ್ಕೆ ಹೊಸ ಪದ ಹುಟ್ಟೋದು ಹೆಚ್ಚುಕಮ್ಮಿ ನಿಂತೇಹೋಗಿದೆ.

ವಿರುದ್ಧಪದಕ್ಕೂ ಇದೇ ಗೆರೆ ಸಹಾಯ ಮಾಡುತ್ತೆ. ಎ ಇರೋವಕ್ಕೆ ಹೆಚ್ಚಾಗಿ ಮುಂದೆ ‘ಅನ್’: ಅನ್‌ರಿಲಯಬಲ್, ಅನ್‌ಬಿಲೀವಬಲ್. ಐ ಇರೋವಕ್ಕೆ ಹೆಚ್ಚಾಗಿ ‘ಇನ್’ ಅಥವಾ ಅದರ ರೂಪಗಳು: ಇನ್‌ವಿಸಿಬಲ್, ಇಂಪಾಸಿಬಲ್, ಇರ್‌ರೆಸ್ಪಾನ್ಸಿಬಲ್. ಇನ್‌ಕೇಪಬಲ್ ಇದಕ್ಕೂ ಹೊರಗೆ.

ಮೂರು ಜೋಡಿಗಳನ್ನ ಮಾತ್ರ ಕೆಂಪು ಪೆನ್ನಲ್ಲಿ ಬರೀರಿ.

ಮೊದಲನೇದು ‘ಎಲಿಜಿಬಲ್’ ಮತ್ತು ‘ಇಲ್ಲೆಜಿಬಲ್’. ಒಂದು ಅರ್ಹತೆ ಇರೋ, ಇನ್ನೊಂದು ಓದೋಕಾಗದಷ್ಟು ಕೆಟ್ಟ ಬರವಣಿಗೆಯ. ನೇಮಕಾತಿ ನೋಟಿಫಿಕೇಶನ್‌ನಲ್ಲಿ ಎರಡೂ ಬರಬಹುದು, ‘ಎಲಿಜಿಬಲ್ ಕ್ಯಾಂಡಿಡೇಟ್ಸ್’ ಅಂದ್ರೆ ಅರ್ಜಿ ಹಾಕಬಹುದಾದವರು, ‘ಇಲ್ಲೆಜಿಬಲ್ ಡಾಕ್ಯುಮೆಂಟ್ಸ್’ ಅಂದ್ರೆ ಮಸುಕು ಮಸುಕಾಗಿ ಸ್ಕ್ಯಾನ್ ಆದ ಮಾರ್ಕ್ಸ್ ಕಾರ್ಡು. ಅರ್ಹತೆ ಇಲ್ಲದವನಿಗೆ ‘ಇನ್‌ಎಲಿಜಿಬಲ್’.

ಎರಡನೇದು ‘ಪೋರ್ಟಬಲ್’ ಮತ್ತು ‘ಪೋಟಬಲ್’. ಹೊತ್ತುಕೊಂಡು ಓಡಾಡಬಹುದಾದ್ದು ಪೋರ್ಟಬಲ್, ಕುಡಿಯೋಕೆ ಯೋಗ್ಯವಾದ್ದು ಪೋಟಬಲ್. ವರ್ಷಪೂರ್ತಿ ಹರಿಯೋ ನದಿಯೇ ಇಲ್ಲದ, ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರೋ ಜಿಲ್ಲೆ ನಮ್ದು, ಈ ಎರಡನೇ ಪದ ನಮಗೆ ಬೇಕೇ ಬೇಕು. 2018ರಿಂದ ಕೆಸಿ ವ್ಯಾಲಿ ಯೋಜನೇಲಿ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ತುಂಬಿಸ್ತಿದ್ದಾರೆ, ಅದು ಅಂತರ್ಜಲ ಹೆಚ್ಚಿಸೋಕೆ, ನೇರ ಕುಡಿಯೋಕಲ್ಲ, ಅಂದ್ರೆ ‘ನಾನ್-ಪೋಟಬಲ್’.

ಮೂರನೇದು ಜೀವಕ್ಕೇ ಸಂಬಂಧಪಟ್ಟಿದ್ದು, ‘ಇನ್‌ಫ್ಲೇಮಬಲ್’. ಮುಂದೆ ‘ಇನ್’ ಇದೆಯಲ್ಲ, ಹಾಗಾದ್ರೆ ಬೆಂಕಿ ಹತ್ತದ್ದು ಅಂತ ತಿಳ್ಕೊಳ್ಳೋರು ಬೇಕಾದಷ್ಟು ಜನ. ಉಲ್ಟಾ, ಸಟ್ ಅಂತ ಬೆಂಕಿ ಹತ್ತೋದು. ಇಲ್ಲಿರೋ ‘ಇನ್’ ಇಲ್ಲ ಅನ್ನೋ ಇನ್ ಅಲ್ಲ, ‘ಇನ್‌ಫ್ಲೇಮ್’ ಅನ್ನೋ ವರ್ಬಿನ ಭಾಗ, ಬೆಂಕಿ ಹತ್ತಿಸು ಅಂತ. ‘ಫ್ಲೇಮಬಲ್’ ಅಂದ್ರೂ ಅದೇ ಅರ್ಥ. ಹೈವೇಲಿ ಪೆಟ್ರೋಲ್ ಟ್ಯಾಂಕರ್ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಅಂತ ಕಂಡ್ರೆ ಬೀಡಿ ಆರಿಸಿ ದೂರ ಇರಿ. ಬೆಂಕಿ ಹತ್ತದ್ದಕ್ಕೆ ‘ನಾನ್-ಫ್ಲೇಮಬಲ್’ ಅನ್ನಬೇಕು. ಇದೇ ಥರ ‘ಇನ್‌ವ್ಯಾಲ್ಯುಬಲ್’ ಕೂಡ ಬೆಲೆ ಇಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು, ಪ್ರೈಸ್‌ಲೆಸ್‌ನ ಅಣ್ಣತಮ್ಮ.

ಸ್ಟೆಪ್ 7: ಅಂಟಿಸೋವಾಗ ಅಕ್ಷರ ಬದಲಾಗೋದು

ಇದು ಬೋರು, ಬೇಗ ಮುಗಿಸೋಣ. ತಲೆಯ ಕೊನೇಲಿ ವೈ ಇದ್ದು ಅದರ ಹಿಂದೆ ವ್ಯಂಜನ ಇದ್ರೆ ವೈ ಹೋಗಿ ಐ ಬರುತ್ತೆ: ಬ್ಯೂಟಿಯಿಂದ ಬ್ಯೂಟಿಫುಲ್, ಮರ್ಸಿಯಿಂದ ಮರ್ಸಿಫುಲ್, ಪೆನ್ನಿಯಿಂದ ಪೆನ್ನಿಲೆಸ್, ರಿಲೈಯಿಂದ ರಿಲಯಬಲ್. ವೈ ಹಿಂದೆ ಸ್ವರ ಇದ್ರೆ ಅದರ ಪಾಡಿಗೆ ಇರುತ್ತೆ, ಪ್ಲೇಫುಲ್, ಪೇಯಬಲ್.

ಕೊನೇಲಿ ಮಾತಾಡದ ಇ ಇದ್ರೆ, ಫುಲ್ ಮತ್ತು ಲೆಸ್ ಮುಂದೆ ಅದು ಉಳಿಯುತ್ತೆ (ಕೇರ್‌ಫುಲ್, ಹೋಮ್‌ಲೆಸ್), ಏಬಲ್ ಮುಂದೆ ಸಾಮಾನ್ಯವಾಗಿ ಬಿದ್ದುಹೋಗುತ್ತೆ (ಯೂಸಬಲ್, ಬಿಲೀವಬಲ್). ಆದ್ರೆ ಇ ಹಿಂದೆ ಸಿ ಅಥವಾ ಜಿ ಇದ್ರೆ ಬೀಳಿಸೋ ಹಾಗಿಲ್ಲ, ನೋಟಿಸಬಲ್, ಚೇಂಜಬಲ್, ಮ್ಯಾನೇಜಬಲ್ ಎಲ್ಲದರಲ್ಲೂ ಇ ಇದೆ. ಯಾಕಂದ್ರೆ ಇ ತೆಗೆದ್ರೆ ಎ ಪಕ್ಕ ಬಂದು ಸಿ ‘ಕ’ ಆಗುತ್ತೆ, ಜಿ ‘ಗ’ ಆಗುತ್ತೆ, ‘ನೋಟಿಕಬಲ್’, ‘ಮ್ಯಾನೇಗಬಲ್’ ಅಂತ ಓದಬೇಕಾಗುತ್ತೆ. ಕಾರಣ ಗೊತ್ತಿದ್ರೆ ಬಾಯಿಪಾಠ ಬೇಡ.

ಸ್ಟೆಪ್ 8: ‘ಏಬಲ್’ ಅಂತ ಬರೀತೀವಿ, ಹಾಗೆ ಅನ್ನಬಾರದು

ನಾನೇ ಇಷ್ಟೊತ್ತು ‘ಏಬಲ್ ಬಾಲ’ ಅಂತ ಕರೆದಿದ್ದೀನಿ, ಅದು ಹೆಸರಿಗೆ. ಪದದೊಳಗೆ ಬಂದಾಗ ಅದನ್ನ ಒತ್ತಬಾರದು, ‘ಅಬಲ್’ ಅಂತ ಹಗುರವಾಗಿ ಬಿಡಬೇಕು. ‘ಕಂಫರ್ಟೇಬಲ್’, ‘ಯೂಸೇಬಲ್’ ಅಂತ ಟೇಬಲ್ ಪ್ರಾಸಕ್ಕೆ ಎಳೆಯೋದು ನಮ್ಮ ಕಡೆ ಬಹಳ ಜನಕ್ಕೆ ಅಭ್ಯಾಸ. ಟೇಬಲ್, ಕೇಬಲ್ ಎರಡರಲ್ಲೂ ಈ ಬಾಲವೇ ಇಲ್ಲ, ಅವು ಇಡೀ ಪದಗಳು. ‘ಕಂಫ್‌ಟಬಲ್’ ಅನ್ನಿ, ಮಧ್ಯದ ತುಂಡು ನುಂಗಿ. ‘ಕಂಪೇರ್’ ವರ್ಬಲ್ಲಿ ಒತ್ತು ಹಿಂದಿದೆ, ‘ಕಾಂಪ್ರಬಲ್’ ಆದಾಗ ಮುಂದಕ್ಕೆ ಬರುತ್ತೆ, ‘ಪ್ರೆಫ್ರಬಲ್’ ಕೂಡ ಹಾಗೇ. ನರಸಾಪುರ, ವೇಮಗಲ್, ಮಾಲೂರು ಕಡೆ ಫ್ಯಾಕ್ಟರಿ ಇಂಟರ್‌ವ್ಯೂಗೆ ಹೋಗೋರು ‘ಐ ಆಮ್ ಫ್ಲೆಕ್ಸಿಬಲ್ ವಿತ್ ಶಿಫ್ಟ್ಸ್’, ‘ಐ ಆಮ್ ಕಂಫ್‌ಟಬಲ್ ಇನ್ ಕನ್ನಡ ಅಂಡ್ ತೆಲುಗು’ ಅನ್ನೋ ಎರಡು ವಾಕ್ಯ ಕನ್ನಡಿ ಮುಂದೆ ನಿಂತು ಹೇಳಿ ಹೇಳಿ ನಾಲಿಗೆಗೆ ಕೂರಿಸ್ಕೊಳ್ಳಿ.

ಸ್ಟೆಪ್ 9: ಉಳಿದ ಎರಡು ಬಾಲ, ಮೇಲ್‌ಮೇಲೆ

‘ಅಸ್’ ಬಾಲ, ಸ್ಪೆಲಿಂಗ್ ಒ-ಯು-ಎಸ್. ಡೇಂಜರಸ್, ಫೇಮಸ್, ಪಾಯ್ಸನಸ್, ಕರೇಜಸ್. ಅರ್ಥ ‘ಅದು ಇರೋ’. ಇಲ್ಲಿ ಕಲೀಬೇಕಾದ್ದು ಒಂದೇ, ಅಡ್ಜೆಕ್ಟಿವ್ ಆದ್ರೆ ಒ ಬೇಕು, ವೈರಸ್, ಫಂಗಸ್, ಕ್ಯಾಂಪಸ್ ಥರ ನೌನ್ ಆದ್ರೆ ಒ ಬೇಡ, ಬರೀ ಯು-ಎಸ್.

‘ಇಷ್’ ಬಾಲ ನನಗೆ ಇಷ್ಟ, ಸ್ವಲ್ಪ ತಮಾಷೆ ಬಾಲ. ಬಣ್ಣಕ್ಕೆ ಅಂಟಿದ್ರೆ ‘ಸ್ವಲ್ಪ’ ಅಂತ: ರೆಡಿಷ್ ಅಂದ್ರೆ ಪೂರ್ತಿ ಕೆಂಪಾಗದ, ದೋರಗಾಯಿ ಟೊಮೆಟೊ ಬಣ್ಣ. ಹೊತ್ತಿಗೆ ಅಂಟಿದ್ರೆ ‘ಸುಮಾರು’ ಅಂತ: ‘ಸಿಕ್ಸಿಷ್’ ಅಂದ್ರೆ ಆರು ಗಂಟೆ ಆಸುಪಾಸು. ಮನುಷ್ಯರಿಗೆ ಅಂಟಿದ್ರೆ ಹೆಚ್ಚಾಗಿ ಬೈಗುಳ: ಸೆಲ್ಫಿಷ್, ಫೂಲಿಷ್, ಚೈಲ್ಡಿಷ್. ಮಗುವಿನಂಥ ಮುಗ್ಧ ಅಂತ ಹೊಗಳಬೇಕಾದ್ರೆ ‘ಚೈಲ್ಡ್‌ಲೈಕ್’ ಅನ್ನಬೇಕು, ಮೇಷ್ಟ್ರ ಬೀಳ್ಕೊಡುಗೆ ಭಾಷಣದಲ್ಲಿ ‘ಚೈಲ್ಡಿಷ್ ಸ್ಮೈಲ್’ ಅಂದುಬಿಟ್ಟೀರ ಜೋಕೆ.

ಸ್ಟೆಪ್ 10: ಉಜ್ಜಿ ನೋಡೋದು

ದಿನಕ್ಕೆ ಐದು ಪದ ಸಾಕು. ಪ್ರತಿಯೊಂದಕ್ಕೂ ನಿಮ್ಮ ಊರು, ನಿಮ್ಮ ಮನೆ ಇರೋ ಒಂದು ವಾಕ್ಯ ಬರೀರಿ, ಗೈಡಿನ ರಾಮ ಸೀತೆ ವಾಕ್ಯ ಬೇಡ. ವಾರಕ್ಕೊಂದು ಸಲ ಬಲಗಡೆ ಅರ್ಥಗಳನ್ನ ಮುಚ್ಚಿ ಎಡಗಡೆ ಪದ ಮಾತ್ರ ನೋಡಿ ಹೇಳಿ, ಮುಂದಿನ ವಾರ ಅರ್ಥ ನೋಡಿ ಪದ ಹೇಳಿ, ಎರಡನೇದೇ ಕಷ್ಟ, ಅದನ್ನೇ ಹೆಚ್ಚು ಮಾಡಿ.

ಈ ಐದನ್ನ ಈಗಲೇ ಬಿಡಿಸಿ ನೋಡಿ: ನಾನ್-ಟ್ರಾನ್ಸ್‌ಫರಬಲ್, ಸ್ಪಾಟ್‌ಲೆಸ್, ಡ್ಯೂಟಿಫುಲ್, ಈಟಬಲ್, ಅನ್‌ಲಾಕಬಲ್.

ಮೊದಲನೇದು ಬಸ್ ಪಾಸ್ ಥರ, ಬೇರೆಯವರ ಹೆಸರಿಗೆ ಕೊಡೋಕಾಗದ. ಸ್ಪಾಟ್‌ಲೆಸ್ ಒಂದು ಚುಕ್ಕೆ ಕಲೆಯೂ ಇಲ್ಲದಷ್ಟು ಚೊಕ್ಕ. ಡ್ಯೂಟಿಫುಲ್ ಕರ್ತವ್ಯನಿಷ್ಠ, ವೈ ಹೋಗಿ ಐ ಬಂದಿದೆ ಗಮನಿಸಿ. ಈಟಬಲ್ ಮತ್ತು ಎಡಿಬಲ್ ಒಂದೇ ಅಂದ್ಕೊಂಡಿದ್ರೆ ಸ್ವಲ್ಪ ತಡೀರಿ: ಎಡಿಬಲ್ ಅಂದ್ರೆ ತಿಂದ್ರೆ ಅಪಾಯ ಇಲ್ಲ ಅಂತ, ಈಟಬಲ್ ಅಂದ್ರೆ ಬಾಯಿಗಿಡೋ ಹಾಗಿದೆ ಅಂತ. ಅಣಬೆ ಎಡಿಬಲ್ ಆಗಿದ್ದೂ ಅಡುಗೆ ಮಾಡಿದವರ ಕೈಗುಣದಿಂದ ಈಟಬಲ್ ಆಗದೇ ಇರಬಹುದು.

ಅನ್‌ಲಾಕಬಲ್‌ಗೆ ಎರಡು ಉತ್ತರ, ಎರಡೂ ಸರಿ. ಮೊದಲು ‘ಅನ್‌ಲಾಕ್’ ಮಾಡಿ ಆಮೇಲೆ ಬಾಲ ಅಂಟಿಸಿದ್ರೆ ‘ಬೀಗ ತೆಗೆಯಬಹುದಾದ’, ಪ್ಯಾಟರ್ನ್ ಗೊತ್ತಿರೋ ಫೋನ್. ಮೊದಲು ‘ಲಾಕಬಲ್’ ಮಾಡಿ ಆಮೇಲೆ ಮುಂದೆ ‘ಅನ್’ ಹಾಕಿದ್ರೆ ‘ಬೀಗವೇ ಹಾಕೋಕಾಗದ’, ಚಿಲಕ ಮುರಿದ ಬಾಗಿಲು. ಯಾವುದು ಅನ್ನೋದನ್ನ ಅದರ ಪಕ್ಕ ಇರೋ ಪದ ಹೇಳುತ್ತೆ, ಫೋನಾ ಬಾಗಿಲಾ ನೋಡ್ಕೊಂಡು ಬರೀರಿ.